‘ಸಿಡಿ’ ಎಂದಾಗ ಒಳಗೆ ನಡೆಯುವುದೇನು? ಪ್ರಸ್ತುತ ಡೈರೆಕ್ಟರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಸಂಜೆ ಹೊತ್ತು ಹುಡುಗ ಹುಡುಗಿಯರಿಗೆ ಲಿನಕ್ಸ್ ಮತ್ತು ಸಿ ಭಾಷೆ ಹೇಳಿಕೊಡುತ್ತೇನೆ. ಹಗಲು ಊರ ಸುತ್ತಲಿನ ಎರಡು ಮೂರು ಕೋಲ್ಡ್ ಸ್ಟೋರೇಜ್‌ಗಳಿಗೆ ಒಣದ್ರಾಕ್ಷಿಯ ಲೆಕ್ಕ ಇಡುವ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುತ್ತೇನೆ. ಎರಡೂ ಕಡೆ ಕೇಳಿಬರುವ ದೂರು ಒಂದೇ: ‘ಸರ್, ಫೈಲ್ ಅಲ್ಲೇ ಇದೆ, ಆದರೂ ಪ್ರೋಗ್ರಾಂ ಸಿಗುತ್ತಿಲ್ಲ ಎನ್ನುತ್ತದೆ.’ ಹುಡುಕಿದರೆ ಬಹುಪಾಲು ಸಲ ಫೈಲ್ ಇದ್ದಲ್ಲೇ ಇರುತ್ತದೆ. ಪ್ರೋಗ್ರಾಂ ನಿಂತ ಜಾಗ, ಅಂದರೆ ಡೈರೆಕ್ಟರಿ (ಫೋಲ್ಡರ್), ಬೇರೆಯಾಗಿರುತ್ತದೆ. ಟರ್ಮಿನಲ್‌ನಲ್ಲಿ ಜಾಗ ಬದಲಿಸುವ ಆಜ್ಞೆಯೇ ‘ಸಿಡಿ’. ಹೇಳಿದ್ದನ್ನೇ ಹೇಳಿ ಬಾಯಿ ನೋವಾಗಿ ಇದನ್ನು ಬರೆದಿಟ್ಟಿದ್ದೇನೆ.

ಆಜ್ಞೆಗಳ ಮತ್ತು ಸಿಸ್ಟಮ್ ಕಾಲ್‌ಗಳ (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಪ್ರೋಗ್ರಾಂ ಸಲ್ಲಿಸುವ ಕೋರಿಕೆಗಳ) ಹೆಸರನ್ನು ನಾವು ಬಾಯಲ್ಲಿ ಹೇಳುವಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಬೇಕೆಂದು ಬೇರೆ ಹೇಳಬೇಕಿಲ್ಲ.

ಪ್ರಸ್ತುತ ಡೈರೆಕ್ಟರಿ ಎಂದರೆ ಏನು? ಅದು ಎಲ್ಲಿರುತ್ತದೆ?

ಊರಿಗೆ ಹೊಸದಾಗಿ ಬಂದವರು ಫೋನ್ ಮಾಡಿ ‘ಗೋಳಗುಮ್ಮಟಕ್ಕೆ ಹೇಗೆ ಬರಬೇಕು?’ ಎಂದರೆ ನಾವು ಮೊದಲು ಕೇಳುವುದು ‘ನೀವೀಗ ಎಲ್ಲಿದ್ದೀರಿ?’ ಎಂದು. ‘ಬಲಕ್ಕೆ ತಿರುಗಿ ನೇರ ಬನ್ನಿ’ ಎಂಬ ಮಾತಿಗೆ ರೈಲ್ವೆ ನಿಲ್ದಾಣದ ಎದುರು ಒಂದು ಅರ್ಥ, ಗಾಂಧಿ ಚೌಕದಲ್ಲಿ ಇನ್ನೊಂದು. ಫೈಲಿಗೆ ದಾರಿ ತೋರುವ ಸಾಲಿಗೆ ಪಾಥ್ ಎನ್ನುತ್ತಾರೆ. ಓರೆಗೆರೆಯಿಂದ (/) ಶುರುವಾಗದ ಪಾಥ್ ಎಲ್ಲವೂ ಇಂಥ ಮಾತೇ. ‘ಡೇಟಾ/ಚೀಟಿ.ಟಿಎಕ್ಸ್‌ಟಿ’ ಎಂದು ನೀವು ಬರೆದರೆ ಕರ್ನಲ್ ಅದನ್ನು ಆ ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಂ) ನಿಂತ ಜಾಗದಿಂದ ಹುಡುಕತೊಡಗುತ್ತದೆ. ಆ ಜಾಗವೇ ಪ್ರಸ್ತುತ ಡೈರೆಕ್ಟರಿ.

ಈ ಮಾಹಿತಿ ನಿಮ್ಮ ಪ್ರೋಗ್ರಾಂ ಫೈಲಿನಲ್ಲಿ ಇರುವುದಿಲ್ಲ, ಟರ್ಮಿನಲ್ ಕಿಟಕಿಯಲ್ಲೂ ಇರುವುದಿಲ್ಲ. ಓಡುತ್ತಿರುವ ಪ್ರತಿಯೊಂದು ಪ್ರಾಸೆಸ್‌ಗೂ ಕರ್ನಲ್ ತನ್ನ ಬಳಿ ಒಂದು ಗುರುತು ಇಟ್ಟುಕೊಂಡಿರುತ್ತದೆ. ಒಂದೇ ಪ್ರೋಗ್ರಾಂ ಎರಡು ಸಲ ಓಡಿಸಿದರೆ ಎರಡು ಪ್ರಾಸೆಸ್, ಎರಡು ಪ್ರತ್ಯೇಕ ಗುರುತು. ಪ್ರೋಗ್ರಾಂ ಫೈಲ್ ಇರುವ ಜಾಗಕ್ಕೂ ಅದು ಓಡುವಾಗ ನಿಲ್ಲುವ ಜಾಗಕ್ಕೂ ಸಂಬಂಧವಿಲ್ಲ. ಹೊಸಬರು ಮೊದಲು ಎಡವುವುದು ಇಲ್ಲೇ.

ಇದನ್ನು ಬದಲಿಸುವ ಸಿಸ್ಟಮ್ ಕಾಲ್ ಯಾವುದು?

ಯುನಿಕ್ಸ್ ಕುಟುಂಬದಲ್ಲಿ ಎರಡು ಇವೆ. ಸಿಎಚ್‌ಡಿರ್‌ಗೆ ಪಾಥ್ ಕೊಡಬೇಕು. ಎಫ್‌ಸಿಎಚ್‌ಡಿರ್‌ಗೆ ಮೊದಲೇ ತೆರೆದಿಟ್ಟ ಡೈರೆಕ್ಟರಿಯ ಫೈಲ್ ಡಿಸ್ಕ್ರಿಪ್ಟರ್, ಅಂದರೆ ತೆರೆದಾಗ ಕರ್ನಲ್ ಕೊಟ್ಟ ಸಂಖ್ಯೆ, ಕೊಡಬೇಕು. ಕೆಲಸ ಆದರೆ 0, ಆಗದಿದ್ದರೆ -1 ಬರುತ್ತದೆ; ಕಾರಣ ಎರ್‌ನೋ ಎಂಬ ವೇರಿಯೇಬಲ್‌ನಲ್ಲಿ ಸಿಗುತ್ತದೆ. ಈಗ ಎಲ್ಲಿದ್ದೇವೆ ಎಂದು ಕೇಳಲು ಗೆಟ್‌ಸಿಡಬ್ಲ್ಯುಡಿ. 64 ಬಿಟ್‌ನ ಇಂಟೆಲ್ ಮಾದರಿಯ ಲಿನಕ್ಸ್‌ನಲ್ಲಿ ಗೆಟ್‌ಸಿಡಬ್ಲ್ಯುಡಿ 79ನೇ ಕಾಲ್, ಸಿಎಚ್‌ಡಿರ್ 80, ಎಫ್‌ಸಿಎಚ್‌ಡಿರ್ 81. ನಂಬರ್ ಬಾಯಿಪಾಠ ಮಾಡಬೇಡಿ. 64 ಬಿಟ್ ಆರ್ಮ್ ಯಂತ್ರದಲ್ಲಿ ಸಿಎಚ್‌ಡಿರ್ 49 ಆಗುತ್ತದೆ.

ನನ್ನ ಸಿ ಪ್ರೋಗ್ರಾಂ ಸಿಎಚ್‌ಡಿರ್ ಕರೆಯಿತು, 0 ಬಂತು. ಪ್ರೋಗ್ರಾಂ ಮುಗಿದ ಮೇಲೆ ನೋಡಿದರೆ ಟರ್ಮಿನಲ್ ಇದ್ದಲ್ಲೇ ಇದೆ. ಏಕೆ?

ನನ್ನ ತರಗತಿಯಲ್ಲಿ ಈ ಪ್ರಶ್ನೆ ಬಾರದ ವರ್ಷವಿಲ್ಲ. ಸಂತೋಷದ ವಿಷಯವೆಂದರೆ ಯುನಿಕ್ಸ್ ಕಟ್ಟಿದವರೇ ಇದರಲ್ಲಿ ಮುಗ್ಗರಿಸಿದ್ದರು.

ಶೆಲ್‌ನಲ್ಲಿ (ಟರ್ಮಿನಲ್‌ನಲ್ಲಿ ನಿಮ್ಮ ಆಜ್ಞೆ ಓದಿ ನಡೆಸುವ ಪ್ರೋಗ್ರಾಂ) ನೀವು ಒಂದು ಪ್ರೋಗ್ರಾಂನ ಹೆಸರು ಕೊಟ್ಟಾಗ ಶೆಲ್ ಫೋರ್ಕ್ ಮಾಡಿ ತನ್ನದೇ ಪ್ರತಿಯೊಂದನ್ನು ಹುಟ್ಟಿಸುತ್ತದೆ. ಹುಟ್ಟಿದ ಮಗು ಪ್ರಾಸೆಸ್‌ಗೆ ತಾಯಿಯ ಪ್ರಸ್ತುತ ಡೈರೆಕ್ಟರಿಯ ನಕಲು ಸಿಗುತ್ತದೆ. ಅದು ಎಕ್ಸೆಕ್ ಮಾಡಿ ನಿಮ್ಮ ಪ್ರೋಗ್ರಾಂ ಆಗಿ ಬದಲಾದಾಗಲೂ ನಿಂತ ಜಾಗ ಬದಲಾಗುವುದಿಲ್ಲ. ಆಮೇಲೆ ನೀವು ಕರೆದ ಸಿಎಚ್‌ಡಿರ್ ಆ ಮಗುವಿನ ಗುರುತನ್ನು ಮಾತ್ರ ಸರಿಸುತ್ತದೆ. ಮಗು ಮುಗಿಯಿತು, ಅದರ ಗುರುತೂ ಹೋಯಿತು. ತಾಯಿ ಶೆಲ್ ಕುಳಿತಲ್ಲಿಂದ ಕದಲಿಲ್ಲ. ಮಗ ಬೆಳಗಾವಿಗೆ ಹೋಗಿ ಕೋಣೆ ಹಿಡಿದರೆ ವಿಜಯಪುರದಲ್ಲಿರುವ ತಾಯಿಯ ವಿಳಾಸ ಬದಲಾಗುವುದಿಲ್ಲವಲ್ಲ, ಹಾಗೆ.

1969ರಲ್ಲಿ ಬೆಲ್ ಲ್ಯಾಬ್ಸ್‌ನ ಪಿಡಿಪಿ-7 ಯಂತ್ರದ ಮೇಲೆ ಯುನಿಕ್ಸ್ ಹುಟ್ಟಿದಾಗ ಫೋರ್ಕ್ ಇರಲಿಲ್ಲ. ಟರ್ಮಿನಲ್‌ಗೆ ಒಂದೇ ಪ್ರಾಸೆಸ್. ಸಿಎಚ್‌ಡಿರ್ ಎಂಬುದು ಉಳಿದವುಗಳಂತೆ ಒಂದು ಸಾಮಾನ್ಯ ಆಜ್ಞೆ. ಫೋರ್ಕ್ ಸೇರಿಸಿದ ಕೂಡಲೇ ಸಿಎಚ್‌ಡಿರ್ ಕೆಲಸ ನಿಲ್ಲಿಸಿತು. ಫೋರ್ಕ್ ಅದನ್ನು ಹೇಗೆ ಕೆಡಿಸಿತೆಂದು ತಿಳಿಯದೆ ಕೋಡ್ ಓದಿ ಓದಿ ತಲೆ ಕೆಡಿಸಿಕೊಂಡೆವೆಂದು ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ ಮುಂದೆ ಬರೆದಿದ್ದಾರೆ. ಕೊನೆಗೆ ಹೊಳೆದದ್ದು ಇಷ್ಟೇ: ಆಜ್ಞೆ ಸರಿಯಾಗಿಯೇ ಓಡುತ್ತಿತ್ತು, ಆದರೆ ತನ್ನನ್ನು ಓಡಿಸಲು ಹುಟ್ಟಿದ ಪ್ರಾಸೆಸ್‌ನ ಜಾಗವನ್ನು ಬದಲಿಸಿ ಅದರ ಜೊತೆಗೇ ಸಾಯುತ್ತಿತ್ತು. ಹಾಗಾಗಿ ಅದನ್ನು ಶೆಲ್‌ನ ಹೊಟ್ಟೆಯೊಳಗೇ ಇಟ್ಟರು. ಇಂದಿನ ‘ಸಿಡಿ’ ಶೆಲ್‌ನ ಒಳ ಆಜ್ಞೆಯಾಗಿರುವುದು ಈ ಕಾರಣಕ್ಕೆ. ನಂಬಿಕೆ ಬಾರದಿದ್ದರೆ ‘ಟೈಪ್ ಸಿಡಿ’ ಎಂದು ಕೊಟ್ಟು ನೋಡಿ. ಕೆಲವು ವ್ಯವಸ್ಥೆಗಳಲ್ಲಿ ಪಾಸಿಕ್ಸ್ (ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡ) ನಿಯಮ ಪಾಲಿಸಲೆಂದು ಸಿಡಿ ಹೆಸರಿನ ಬೇರೆ ಫೈಲ್ ಕೂಡ ಇರುತ್ತದೆ. ಅದನ್ನು ಓಡಿಸಿದರೆ ಜಾಗ ಬದಲಾಗುವುದಿಲ್ಲ. ಆ ಡೈರೆಕ್ಟರಿಗೆ ಹೋಗಲು ಆಗುತ್ತದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ.

ಶೆಲ್ ಸ್ಕ್ರಿಪ್ಟ್ ಒಳಗಿನ ಸಿಡಿಗೂ ಇದೇ ಗತಿಯೇ?

ಹೌದು. ಸ್ಕ್ರಿಪ್ಟ್ ಬೇರೆ ಶೆಲ್‌ನಲ್ಲಿ ಓಡುತ್ತದೆ. ನಿಮ್ಮ ಶೆಲ್ಲೇ ಅದನ್ನು ಓದಿ ನಡೆಸಬೇಕಿದ್ದರೆ ‘ಸೋರ್ಸ್’ ಎಂದು ಮುಂದೆ ಸೇರಿಸಿ, ಇಲ್ಲವೇ ಆ ಕೆಲಸವನ್ನು ಶೆಲ್ ಫಂಕ್ಷನ್ ಆಗಿ ಬರೆಯಿರಿ. ಉಲ್ಟಾ ಬೇಕಿದ್ದಾಗ, ಅಂದರೆ ಹೋಗಿ ಕೆಲಸ ಮುಗಿಸಿ ಬಂದ ಸುದ್ದಿಯೇ ಇರಬಾರದು ಎಂದಾಗ, ಆಜ್ಞೆಗಳನ್ನು ದುಂಡು ಕಂಸದೊಳಗೆ ಹಾಕಿ. ಕಂಸ ಮುಚ್ಚಿದ ಕೂಡಲೇ ಹಳೆಯ ಜಾಗ.

-1 ಬಂದರೆ ಏನೆಂದು ತಿಳಿಯಬೇಕು?

ಇಎನ್‌ಒಎನ್‌ಟಿ ಬಂದರೆ ಅಂಥ ಹೆಸರಿಲ್ಲ. ಇನಾಟ್‌ಡಿರ್ ಬಂದರೆ ಹೆಸರಿದೆ, ಆದರೆ ಡೈರೆಕ್ಟರಿಯಲ್ಲ. ಇಲೂಪ್ ಬಂದರೆ ಸಾಂಕೇತಿಕ ಕೊಂಡಿಗಳು (ಬೇರೆ ಪಾಥ್ ತೋರಿಸುವ ಫೈಲ್‌ಗಳು) ಒಂದನ್ನೊಂದು ತೋರಿಸುತ್ತ ಗಾಣದೆತ್ತಿನಂತೆ ಸುತ್ತುತ್ತಿವೆ. ಇವು ಸುಲಭ.

ಜನ ಗೊಂದಲಪಡುವುದು ಇಎಕ್ಸೆಸ್ ಬಂದಾಗ, ಅಂದರೆ ಅನುಮತಿ ಇಲ್ಲದಾಗ. ಡೈರೆಕ್ಟರಿಯೊಳಗೆ ಹೋಗಲು ಬೇಕಾದದ್ದು ‘ಎಕ್ಸ್’ ಅನುಮತಿ, ‘ಆರ್’ ಅಲ್ಲ. ಅದೂ ಕೊನೆಯ ಡೈರೆಕ್ಟರಿಗಷ್ಟೇ ಇದ್ದರೆ ಸಾಲದು, ದಾರಿಯಲ್ಲಿ ಸಿಗುವ ಪ್ರತಿಯೊಂದಕ್ಕೂ ಇರಬೇಕು. ‘ಎಕ್ಸ್’ ಇದ್ದು ‘ಆರ್’ ಇಲ್ಲದ ಡೈರೆಕ್ಟರಿ ದೀಪವಿಲ್ಲದ ಕೋಣೆಯಂತೆ: ಬಾಗಿಲು ತೆರೆದಿದೆ, ಒಳಗೆ ಏನೇನಿದೆ ಎಂದು ಕಾಣುವುದಿಲ್ಲ, ಆದರೆ ಯಾವ ವಸ್ತು ಬೇಕೆಂದು ಹೆಸರು ಗೊತ್ತಿದ್ದರೆ ಕೈ ಹಾಕಿ ತೆಗೆದುಕೊಳ್ಳಬಹುದು. ‘ಆರ್’ ಇದ್ದು ‘ಎಕ್ಸ್’ ಇಲ್ಲದಿದ್ದರೆ ಕಿಟಕಿಯಿಂದ ಹೆಸರು ಓದಬಹುದು, ಕಾಲಿಡುವಂತಿಲ್ಲ. ನೀವು ಒಳಗಿರುವಾಗಲೇ ಯಾರಾದರೂ ‘ಎಕ್ಸ್’ ತೆಗೆದರೆ ಕರ್ನಲ್ ನಿಮ್ಮನ್ನು ಹೊರಗೆ ದಬ್ಬುವುದಿಲ್ಲ. ಆದರೆ ಅಲ್ಲಿಂದ ಮುಂದೆ ನಿಂತ ಜಾಗದಿಂದ ಯಾವ ಫೈಲ್ ತೆರೆಯಲು ಹೋದರೂ ಬಾಗಿಲು ಮುಚ್ಚಿರುತ್ತದೆ.

0 ಬಂತೋ -1 ಬಂತೋ ನೋಡದೆ ಮುಂದೆ ಹೋದರೆ ಏನಾಗುತ್ತದೆ?

ನನಗೆ ಆದದ್ದನ್ನು ಹೇಳುತ್ತೇನೆ. ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಕಾಟಾ (ತೂಕದ) ಚೀಟಿಗಳ ಹಳೆಯ ನಕಲುಗಳನ್ನು ಹೊರಗಿನ ಡಿಸ್ಕ್‌ನಲ್ಲಿ ಇಡುತ್ತಿದ್ದೆವು. ಜಾಗ ತುಂಬಬಾರದೆಂದು ರಾತ್ರಿ ಓಡುವ ಸ್ಕ್ರಿಪ್ಟ್ ಬರೆದಿದ್ದೆ. ಎರಡೇ ಸಾಲು: ಮೊದಲ ಸಾಲಿನಲ್ಲಿ ಡಿಸ್ಕ್‌ನ ಡೈರೆಕ್ಟರಿಗೆ ಸಿಡಿ, ಎರಡನೆಯದರಲ್ಲಿ ನಕ್ಷತ್ರ ಹಾಕಿ ಆರ್‌ಎಂ, ಅಂದರೆ ನಿಂತಲ್ಲಿರುವ ಫೈಲ್‌ಗಳನ್ನೆಲ್ಲ ಅಳಿಸುವ ಆಜ್ಞೆ. ಒಂದು ಸಂಜೆ ಕಸ ಗುಡಿಸುವಾಗ ಡಿಸ್ಕ್‌ನ ಕೇಬಲ್ ಕಳಚಿತು. ರಾತ್ರಿ ಸಿಡಿ ವಿಫಲವಾಯಿತು. ಶೆಲ್ ಒಂದು ಸಾಲು ಗೊಣಗಿ ಮುಂದಿನ ಸಾಲಿಗೆ ಹೋಯಿತು. ಸ್ಕ್ರಿಪ್ಟ್ ಶುರುವಾದದ್ದು ಬಳಕೆದಾರನ ಮನೆ ಡೈರೆಕ್ಟರಿಯಲ್ಲಿ. ಆ ವಾರದ ಚೀಟಿಗಳು ಇದ್ದದ್ದೂ ಅಲ್ಲೇ.

ಬೆಳಿಗ್ಗೆ ಮಾಲೀಕರು ಫೋನ್ ಮಾಡಿ ‘ಸರ್, ಕಂಪ್ಯೂಟರ್ ಬಹಳ ಸ್ವಚ್ಛವಾಗಿದೆ’ ಎಂದರು. ಕಾರ್ಬನ್ ಪ್ರತಿಗಳಿದ್ದವು, ಬದುಕಿಕೊಂಡೆ. ಇಬ್ಬರು ಕುಳಿತು ಮರುದಿನ ಸಂಜೆಯವರೆಗೆ ಟೈಪ್ ಮಾಡಿದೆವು. ಈಗ ನನ್ನ ಪ್ರತಿ ಸ್ಕ್ರಿಪ್ಟ್‌ನಲ್ಲೂ ಸಿಡಿಯ ಪಕ್ಕದಲ್ಲೇ ಎರಡು ನಿಲುಗೆರೆ ಹಾಕಿ ‘ಎಕ್ಸಿಟ್ 1’ ಇರುತ್ತದೆ: ಹೋಗಲಾಗದಿದ್ದರೆ ಅಲ್ಲೇ ನಿಲ್ಲು. ಅಳಿಸುವ ಸಾಲಿನಲ್ಲಿ ಪೂರ್ಣ ಪಾಥ್ ಇರುತ್ತದೆ. ಸಿ ಭಾಷೆಯಲ್ಲೂ ಅಷ್ಟೇ. ಸಿಎಚ್‌ಡಿರ್‌ನ ಉತ್ತರ ನೋಡದೆ ಫೈಲ್ ಅಳಿಸುವ ಅನ್‌ಲಿಂಕ್ ಕರೆಯುವ ಕೋಡ್ ಕಂಡರೆ ನಾನು ಅಂಕ ಕೊಡುವುದಿಲ್ಲ.

ನಾನು ಒಳಗಿರುವಾಗಲೇ ಡೈರೆಕ್ಟರಿಯ ಹೆಸರು ಬದಲಾದರೆ?

2014ರ ನವೆಂಬರ್ 1ರಂದು ನಾವೆಲ್ಲ ಇದನ್ನು ಕಣ್ಣಾರೆ ಕಂಡಿದ್ದೇವೆ. ರಾತ್ರಿ ಬಿಜಾಪುರದಲ್ಲಿ ಮಲಗಿದವರು ಬೆಳಿಗ್ಗೆ ವಿಜಯಪುರದಲ್ಲಿ ಎದ್ದರು. ಯಾರೂ ಹಾಸಿಗೆಯಿಂದ ಕದಲಿರಲಿಲ್ಲ, ಫಲಕ ಬದಲಾಗಿತ್ತು.

ಲಿನಕ್ಸ್ ಕರ್ನಲ್ ನಿಮ್ಮ ಪ್ರಸ್ತುತ ಡೈರೆಕ್ಟರಿಯನ್ನು ಹೆಸರಿನ ಸಾಲಾಗಿ ನೆನಪಿಡುವುದಿಲ್ಲ. ಆ ಡೈರೆಕ್ಟರಿಯ ವಸ್ತುವನ್ನೇ ಹಿಡಿದುಕೊಂಡಿರುತ್ತದೆ. ಹೆಸರು ಬದಲಾದರೂ ಬೇರೆಡೆಗೆ ಸರಿಸಿದರೂ ನೀವು ಅದರೊಳಗೇ ಇರುತ್ತೀರಿ. ಮುಂದಿನ ಸಲ ಗೆಟ್‌ಸಿಡಬ್ಲ್ಯುಡಿ ಕರೆದಾಗ ಹೊಸ ಪಾಥ್ ಬರುತ್ತದೆ. ಶೆಲ್ ಮಾತ್ರ ತನ್ನ ‘ಪಿಡಬ್ಲ್ಯುಡಿ’ ಎಂಬ ವೇರಿಯೇಬಲ್‌ನಲ್ಲಿ ಹಳೆಯ ಹೆಸರು ಬರೆದಿಟ್ಟುಕೊಂಡು ಅದನ್ನೇ ತೋರಿಸುತ್ತಿರುತ್ತದೆ, ನಮ್ಮ ಹಳೆಯ ಲೆಟರ್‌ಹೆಡ್‌ಗಳಂತೆ. ಪಿಡಬ್ಲ್ಯುಡಿ ಎಂದ ಕೂಡಲೇ ತರಗತಿಯಲ್ಲಿ ಯಾರಾದರೂ ಒಬ್ಬರು ರಸ್ತೆ ಗುಂಡಿಗಳ ಬಗ್ಗೆ ಕೇಳಿಯೇ ಕೇಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಳಿಸಿಯೇ ಬಿಟ್ಟರೆ?

ಲಿನಕ್ಸ್‌ನಲ್ಲಿ ಅಳಿಸಬಹುದು. ನೀವು ವಿಳಾಸವಿಲ್ಲದ ಜಾಗದಲ್ಲಿ ನಿಂತಿರುತ್ತೀರಿ. ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್ ಖಾಲಿ ತೋರಿಸುತ್ತದೆ, ಹೊಸ ಫೈಲ್ ಮಾಡಲು ಹೋದರೆ ಇಎನ್‌ಒಎನ್‌ಟಿ, ಗೆಟ್‌ಸಿಡಬ್ಲ್ಯುಡಿಗೂ ಅದೇ ಉತ್ತರ. ಮೋಸ ಹೋಗುವುದು ಯಾರಾದರೂ ಅದೇ ಹೆಸರಿನ ಹೊಸ ಡೈರೆಕ್ಟರಿಯನ್ನು ಅಲ್ಲೇ ಮಾಡಿದಾಗ. ‘ಬಿಲ್ಡ್’ ಡೈರೆಕ್ಟರಿಯನ್ನು ಅಳಿಸಿ ಮತ್ತೆ ಕಟ್ಟುವ ಪ್ರಾಜೆಕ್ಟ್‌ಗಳಲ್ಲಿ ಇದು ದಿನನಿತ್ಯದ ಮಾತು. ಹೆಸರು ಒಂದೇ, ವಸ್ತು ಬೇರೆ. ನೀವು ಇನ್ನೂ ಸತ್ತದ್ದರೊಳಗೇ ಇದ್ದೀರಿ. ಪೂರ್ಣ ಪಾಥ್ ಕೊಟ್ಟು ಮತ್ತೊಮ್ಮೆ ಸಿಡಿ ಮಾಡಿ.

ಡೈರೆಕ್ಟರಿಗೆ ಕನ್ನಡದ ಹೆಸರಿಟ್ಟರೆ ಸಿಎಚ್‌ಡಿರ್ ಒಪ್ಪುತ್ತದೆಯೇ?

ಧಾರಾಳವಾಗಿ. ಲಿನಕ್ಸ್ ಕರ್ನಲ್‌ಗೆ ಹೆಸರೆಂದರೆ ಬೈಟ್‌ಗಳ ಸಾಲು. ಓರೆಗೆರೆ ಮತ್ತು ಶೂನ್ಯ ಬೈಟ್ ಬಿಟ್ಟು ಏನೂ ಇರಬಹುದು. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ವಿಜಯಪುರ’ದಲ್ಲಿ ಗುಣಿತ ಚಿಹ್ನೆಗಳೂ ಸೇರಿ 7 ಸಂಕೇತ, ಒಟ್ಟು 21 ಬೈಟ್. ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿ ಇರುವುದರಿಂದ ಕನ್ನಡದಲ್ಲಿ 85 ಸಂಕೇತಗಳವರೆಗೆ ಹೋಗಬಹುದು.

ತೊಡಕು ಬೇರೆ ಕಡೆ ಇದೆ, ಮತ್ತು ಅದನ್ನು ಇಂಗ್ಲಿಷ್ ಪುಸ್ತಕಗಳು ನಮಗೆ ಹೇಳುವುದಿಲ್ಲ. ‘ಬಾಗಲಕೋಟೆ’ಯ ‘ಕೋ’ ನೋಡಿ. ಅದರ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ಮೊದಲ ರೀತಿಯಲ್ಲಿ ಇಡೀ ಹೆಸರು 24 ಬೈಟ್, ಎರಡನೆಯದರಲ್ಲಿ 30. ತೆರೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಕರ್ನಲ್‌ಗೆ ಅವು ಬೇರೆ ಬೇರೆ ಊರು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು. ಅಲ್ಲಿಂದ ಬಂದ ಫೈಲ್‌ಗಳನ್ನು ಲಿನಕ್ಸ್‌ಗೆ ತಂದಾಗ ‘ಕಣ್ಣೆದುರೇ ಇದೆ, ಇಎನ್‌ಒಎನ್‌ಟಿ ಎನ್ನುತ್ತದೆ’ ಎಂಬ ಗೋಳು ಶುರುವಾಗಬಹುದು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ನಡುವೆ ಸೇರುವ ಕಣ್ಣಿಗೆ ಕಾಣದ ವಿಭಜಕವೂ 3 ಬೈಟ್ ತಿನ್ನುತ್ತದೆ. ನನ್ನ ಪದ್ಧತಿ: ಹೆಸರನ್ನು ಕೈಯಲ್ಲಿ ಟೈಪ್ ಮಾಡುವುದಿಲ್ಲ, ಟ್ಯಾಬ್ ಕೀಲಿ ಒತ್ತಿ ಪೂರ್ಣಗೊಳಿಸಿಕೊಳ್ಳುತ್ತೇನೆ. ಪ್ರೋಗ್ರಾಂನಲ್ಲಾದರೆ ಹೆಸರಿಡುವ ಮೊದಲೇ ತುಂಡುಗಳನ್ನು ಜೋಡಿಸಿದ ಎನ್‌ಎಫ್‌ಸಿ ರೂಪಕ್ಕೆ ತರುತ್ತೇನೆ.

ಪೆನ್‌ಡ್ರೈವ್ ತೆಗೆಯಲು ಹೋದರೆ ‘ಬಳಕೆಯಲ್ಲಿದೆ’ ಎನ್ನುತ್ತದೆ. ಎಲ್ಲ ಫೈಲ್ ಮುಚ್ಚಿದ್ದೇನಲ್ಲ?

ಫೈಲ್ ಮುಚ್ಚಿದ್ದೀರಿ, ಆದರೆ ಯಾವುದೋ ಶೆಲ್ ಅದರೊಳಗೆ ನಿಂತಿದೆ. ಪ್ರಸ್ತುತ ಡೈರೆಕ್ಟರಿಯೂ ಒಂದು ಹಿಡಿತವೇ. ಯಾವ ಪ್ರಾಸೆಸ್ ಏನನ್ನು ಹಿಡಿದಿದೆ ಎಂದು ತೋರಿಸುವ ಎಲ್‌ಎಸ್‌ಒಎಫ್ ಓಡಿಸಿದರೆ ಅಂಥ ಪ್ರಾಸೆಸ್ ಎದುರು ‘ಸಿಡಬ್ಲ್ಯುಡಿ’ ಎಂದು ಬರೆದಿರುತ್ತದೆ. ಹಿನ್ನೆಲೆಯಲ್ಲಿ ದಿನಗಟ್ಟಲೆ ಓಡುವ ಡೀಮನ್‌ಗಳು ಹುಟ್ಟಿದ ಕೂಡಲೇ ಮೂಲ ಡೈರೆಕ್ಟರಿಗೆ (/) ಸಿಎಚ್‌ಡಿರ್ ಮಾಡಿಕೊಳ್ಳುವ ರೂಢಿ ಇದಕ್ಕಾಗಿಯೇ ಬಂದಿದೆ.

ಸಾಂಕೇತಿಕ ಕೊಂಡಿಯ ಮೂಲಕ ಒಳಗೆ ಹೋದರೆ ಎರಡು ಪಾಥ್ ಏಕೆ ಕಾಣುತ್ತವೆ?

ಶೆಲ್ ನೀವು ಬಂದ ದಾರಿ ನೆನಪಿಡುತ್ತದೆ. ಕರ್ನಲ್ ನೀವು ತಲುಪಿದ ಜಾಗ. ಸುಮ್ಮನೆ ‘ಪಿಡಬ್ಲ್ಯುಡಿ’ ಎಂದರೆ ಮೊದಲನೆಯದು, ದೊಡ್ಡ ‘ಪಿ’ ಆಯ್ಕೆ ಸೇರಿಸಿದರೆ ಎರಡನೆಯದು. ಶೆಲ್‌ನಲ್ಲಿ ಎರಡು ಚುಕ್ಕೆಗೆ, ಅಂದರೆ ಮೇಲಿನ ಡೈರೆಕ್ಟರಿಗೆ, ಸಿಡಿ ಮಾಡಿದಾಗ ಒಂದು ಕಡೆಗೂ, ಅದೇ ಎರಡು ಚುಕ್ಕೆಯನ್ನು ಎಲ್‌ಎಸ್‌ಗೆ ಕೊಟ್ಟಾಗ ಇನ್ನೊಂದು ಕಡೆಗೂ ಹೋಗುವುದು ಇದರಿಂದಲೇ.

ಬೇರೆಡೆ ಹೋಗಿ ಕೆಲಸ ಮುಗಿಸಿ ಹಳೆಯ ಜಾಗಕ್ಕೆ ಮರಳುವ ಸರಿಯಾದ ಕ್ರಮ ಯಾವುದು?

ಬಹಳ ಮಂದಿ ಗೆಟ್‌ಸಿಡಬ್ಲ್ಯುಡಿಯಿಂದ ಪಾಥ್ ಬರೆದಿಟ್ಟುಕೊಂಡು ಕೊನೆಗೆ ಅದಕ್ಕೆ ಸಿಎಚ್‌ಡಿರ್ ಮಾಡುತ್ತಾರೆ. ಈ ನಡುವೆ ಹೆಸರು ಬದಲಾದರೆ ಮರಳಲು ದಾರಿಯಿಲ್ಲ. ಹೊರಡುವ ಮೊದಲು ಒಂದು ಚುಕ್ಕೆಯನ್ನು, ಅಂದರೆ ಇದ್ದ ಜಾಗವನ್ನೇ, ಓಪನ್ ಮಾಡಿ ಡಿಸ್ಕ್ರಿಪ್ಟರ್ ಇಟ್ಟುಕೊಳ್ಳಿ. ಮರಳುವಾಗ ಎಫ್‌ಸಿಎಚ್‌ಡಿರ್ ಮಾಡಿ. ಹೆಸರು ಏನೇ ಆಗಿರಲಿ, ಜಾಗ ಸಿಗುತ್ತದೆ.

ಅದಕ್ಕಿಂತ ಒಳ್ಳೆಯದು ಹೋಗದೇ ಇರುವುದು. ಪ್ರಸ್ತುತ ಡೈರೆಕ್ಟರಿ ಇಡೀ ಪ್ರಾಸೆಸ್‌ಗೆ ಒಂದೇ. ಅದರ ಎಲ್ಲ ಥ್ರೆಡ್‌ಗಳೂ (ಒಂದೇ ಪ್ರಾಸೆಸ್‌ನೊಳಗೆ ಜೊತೆಜೊತೆಗೆ ಓಡುವ ಎಳೆಗಳು) ಅದನ್ನೇ ಹಂಚಿಕೊಂಡಿರುತ್ತವೆ. ಒಂದು ಥ್ರೆಡ್ ಸಿಎಚ್‌ಡಿರ್ ಮಾಡಿದರೆ ಇನ್ನೊಂದರ ಕಾಲ ಕೆಳಗಿನ ನೆಲ ಸರಿಯುತ್ತದೆ. ಒಂದು ಥ್ರೆಡ್ ಚೀಟಿ ಮುದ್ರಿಸುತ್ತಿದೆ, ಇನ್ನೊಂದು ನಕಲು ತೆಗೆಯಲು ಬೇರೆ ಡೈರೆಕ್ಟರಿಗೆ ಹೋಯಿತು ಎನ್ನಿ. ಚೀಟಿ ನಕಲಿನ ಡಿಸ್ಕ್‌ಗೆ ಬೀಳುತ್ತದೆ, ಅದೂ ತಿಂಗಳಿಗೊಮ್ಮೆ ಮಾತ್ರ, ನೀವು ಊರಲ್ಲಿ ಇಲ್ಲದ ದಿನ. ಇದಕ್ಕೆ ಮದ್ದು ಓಪನ್‌ಎಟ್ ಮತ್ತು ಅದರ ಬಳಗ. ಡೈರೆಕ್ಟರಿಯ ಡಿಸ್ಕ್ರಿಪ್ಟರ್ ಕೊಟ್ಟು ‘ಇಲ್ಲಿಂದ ಹುಡುಕು’ ಎಂದರೆ ಸಾಕು, ಪ್ರಾಸೆಸ್ ಕದಲಬೇಕಿಲ್ಲ. 2006ರಲ್ಲಿ ಬಂದ ಲಿನಕ್ಸ್ 2.6.16ರಿಂದ ಇದು ಇದೆ, 2008ರ ಪಾಸಿಕ್ಸ್‌ನಲ್ಲಿ ಸೇರಿದೆ. ನಾನು ಪ್ರೋಗ್ರಾಂನ ಆರಂಭದಲ್ಲಿ ಒಮ್ಮೆ ಸಿಎಚ್‌ಡಿರ್ ಮಾಡುತ್ತೇನೆ, ಅಷ್ಟೇ. ನಡುವೆ ಮಾಡುವುದನ್ನು ಬಿಟ್ಟು ಬಹಳ ವರ್ಷವಾಯಿತು.

ವಿಂಡೋಸ್‌ನಲ್ಲಿ ಹೇಗೆ?

ಅಲ್ಲಿ ಸೆಟ್‌ಕರೆಂಟ್‌ಡೈರೆಕ್ಟರಿ ಎಂಬ ಕರೆ. ಇಡೀ ಪ್ರಾಸೆಸ್‌ಗೆ ಒಂದೇ ಎಂಬ ನಿಯಮ ಅಲ್ಲೂ ಇದೆ. ಎರಡು ವ್ಯತ್ಯಾಸ ನೆನಪಿಡಿ. ಪ್ರಾಸೆಸ್ ನಿಂತಿರುವ ಫೋಲ್ಡರನ್ನು ವಿಂಡೋಸ್ ಅಳಿಸಲು ಬಿಡುವುದಿಲ್ಲ. ಇನ್ನೊಂದು, ಕಮಾಂಡ್ ಪ್ರಾಂಪ್ಟ್ ಪ್ರತಿ ಡ್ರೈವ್‌ಗೂ ಒಂದೊಂದು ಜಾಗ ನೆನಪಿಡುತ್ತದೆ. ‘ಸಿ’ ಡ್ರೈವ್‌ನಲ್ಲಿ ಕುಳಿತು ‘ಡಿ’ ಡ್ರೈವ್‌ನ ಫೋಲ್ಡರಿಗೆ ಸಿಡಿ ಕೊಟ್ಟರೆ ಏನೂ ಆಗದಂತೆ ಕಾಣುವುದು ಅದಕ್ಕೇ. ‘/ಡಿ’ ಸೇರಿಸಿ. ಫೈಲ್ ಆರಿಸುವ ಹಳೆಯ ಡಯಲಾಗ್ ಕಿಟಕಿಯಲ್ಲಿ ಬಳಕೆದಾರ ಬೇರೆ ಫೋಲ್ಡರಿಗೆ ಹೋದರೆ ನಿಮ್ಮ ಪ್ರಾಸೆಸ್‌ನ ಜಾಗವೂ ಬದಲಾಗಬಹುದು. ಒಂದು ಇಡೀ ಭಾನುವಾರ ನಾನು ಇದನ್ನು ಹುಡುಕುತ್ತ ಕಳೆದಿದ್ದೇನೆ.

ಪೈಥಾನ್, ಜಾವಾ?

ಪೈಥಾನ್‌ನ ಓಎಸ್.ಸಿಎಚ್‌ಡಿರ್ ಒಳಗೆ ಕರೆಯುವುದು ಇದೇ ಸಿಸ್ಟಮ್ ಕಾಲನ್ನು. 3.11ರಿಂದ ಕಾಂಟೆಕ್ಸ್ಟ್‌ಲಿಬ್‌ನಲ್ಲಿ ‘ವಿತ್’ ಜೊತೆ ಬಳಸುವ ರೂಪವೂ ಇದೆ, ತಾನಾಗಿ ಮರಳುತ್ತದೆ. ಥ್ರೆಡ್‌ಗಳ ಅಪಾಯ ಮಾತ್ರ ಹಾಗೆಯೇ ಉಳಿಯುತ್ತದೆ. ಜಾವಾ ತನ್ನ ಪ್ರಾಸೆಸ್‌ನ ಜಾಗ ಬದಲಿಸಲು ದಾರಿಯನ್ನೇ ಕೊಟ್ಟಿಲ್ಲ. ಹುಟ್ಟಿಸುವ ಮಗು ಪ್ರಾಸೆಸ್ ಎಲ್ಲಿ ನಿಲ್ಲಬೇಕೆಂದು ಪ್ರಾಸೆಸ್‌ಬಿಲ್ಡರ್‌ನಲ್ಲಿ ಹೇಳಬಹುದು. ನನಗೆ ಇದು ಕೊರತೆ ಎನಿಸಿಲ್ಲ, ಜಾಣತನ ಎನಿಸಿದೆ.

ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಹಾಕಿದರೆ ಫೈಲ್ ಸಿಗುವುದಿಲ್ಲ. ಏಕೆ?

ನಿಗದಿತ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಕೆಲಸಗಳು ಬಳಕೆದಾರನ ಮನೆ ಡೈರೆಕ್ಟರಿಯಲ್ಲಿ ಶುರುವಾಗುತ್ತವೆ. ನನ್ನ ಕಾಟಾ ಚೀಟಿಗಳು ಹೋದದ್ದು ಅದರಿಂದಲೇ. ಲಿನಕ್ಸ್‌ನಲ್ಲಿ ಹಿನ್ನೆಲೆ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿಯ ಸೇವೆಗಳು ಬೇರೇನೂ ಹೇಳದಿದ್ದರೆ ಮೂಲ ಡೈರೆಕ್ಟರಿಯಲ್ಲಿ ಶುರುವಾಗುತ್ತವೆ. ವರ್ಕಿಂಗ್‌ಡೈರೆಕ್ಟರಿ ಎಂಬ ಸಾಲು ಸೇರಿಸಿದರೆ ನೀವು ಹೇಳಿದಲ್ಲಿ.

ಸಿಎಚ್‌ರೂಟ್ ಮಾಡಿದರೆ ಪ್ರಸ್ತುತ ಡೈರೆಕ್ಟರಿಯೂ ಬದಲಾಗುತ್ತದೆಯೇ?

ಇಲ್ಲ, ಮತ್ತು ಇದು ಅಪಾಯಕಾರಿ. ಸಿಎಚ್‌ರೂಟ್ ಪ್ರಾಸೆಸ್‌ಗೆ ಕಾಣುವ ಮೂಲ ಡೈರೆಕ್ಟರಿಯನ್ನಷ್ಟೇ ಬದಲಿಸಿ, ಅದರ ಸುತ್ತ ಬೇಲಿ ಹಾಕಿದಂತೆ ಮಾಡುತ್ತದೆ. ಪ್ರಾಸೆಸ್ ನಿಂತ ಜಾಗ ಹೊಸ ಬೇಲಿಯ ಹೊರಗೇ ಉಳಿದಿರಬಹುದು. ಅಲ್ಲಿಂದ ಎರಡು ಚುಕ್ಕೆ ಹಿಡಿದು ಮೇಲೆ ಮೇಲೆ ನಡೆದರೆ ಬೇಲಿಯೇ ಅಡ್ಡ ಬರುವುದಿಲ್ಲ. ಸಿಎಚ್‌ರೂಟ್ ಆದ ಮರುಸಾಲಿನಲ್ಲೇ ಓರೆಗೆರೆಗೆ ಸಿಎಚ್‌ಡಿರ್ ಮಾಡಿ.

ಓಡುತ್ತಿರುವ ಪ್ರಾಸೆಸ್ ಈಗ ಎಲ್ಲಿ ನಿಂತಿದೆ ಎಂದು ಹೊರಗಿನಿಂದ ನೋಡುವುದು ಹೇಗೆ?

ಲಿನಕ್ಸ್‌ನಲ್ಲಿ ‘ಪ್ರಾಕ್’ ಡೈರೆಕ್ಟರಿಯೊಳಗೆ ಆ ಪ್ರಾಸೆಸ್‌ನ ಸಂಖ್ಯೆಯ ಹೆಸರಿನಲ್ಲಿ ಒಂದು ಡೈರೆಕ್ಟರಿ ಇರುತ್ತದೆ, ಅದರೊಳಗೆ ‘ಸಿಡಬ್ಲ್ಯುಡಿ’ ಎಂಬ ಕೊಂಡಿ. ರೀಡ್‌ಲಿಂಕ್ ಮಾಡಿದರೆ ಪಾಥ್ ಬರುತ್ತದೆ. ಅಳಿಸಿದ ಡೈರೆಕ್ಟರಿಯಾಗಿದ್ದರೆ ಪಕ್ಕದಲ್ಲಿ ಹಾಗೆಂದೇ ಬರೆದಿರುತ್ತದೆ. ಯಾರಾದರೂ ‘ಫೈಲ್ ಅಲ್ಲೇ ಇದೆ ಸರ್’ ಎಂದು ಫೋನ್ ಮಾಡಿದಾಗ ನಾನು ಮೊದಲು ಓದಿಸಿಕೊಳ್ಳುವುದು ಈ ಒಂದು ಸಾಲನ್ನು.